ನಾಲಿಗೆ ದಿಕ್ಕು ಬದಲಿಸುವ ತಿಂಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಮಗುವಿಗೆ ನಾಲ್ಕು ತುಂಬಿ ಐದನೇ ತಿಂಗಳಿಗೆ ಬಿದ್ದರೆ ಸಾಕು, ಒಂದು ಚರ್ಚೆ ಶುರುವಾಗುತ್ತದೆ. "ನೋಡವ್ವ, ನಾವು ಉಣ್ಣೋದನ್ನೇ ನೋಡ್ತಾ ಬಾಯಾಡಿಸ್ತೈತೆ. ಇನ್ನೂ ಸರಿ ಹಾಕಕ್ಕೆ ಸುರು ಮಾಡಿಲ್ವಾ?" ಎಂದು ಅತ್ತೆ ಕೇಳುತ್ತಾರೆ. "ಆರು ತಿಂಗ್ಳು ತುಂಬ್ಲಿ ಅಂತ ಆಶಾ ಅಕ್ಕ ಹೇಳವ್ರೆ ಅತ್ತೆ" ಎಂದು ಸೊಸೆ ತಡೆಯುತ್ತಾಳೆ. ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಒಂದು ದಿನ ಯಾರೋ ಬೆರಳ ತುದಿಯಲ್ಲಿ ಒಂದಿಷ್ಟು ರಾಗಿ ಸರಿ ತೆಗೆದು ಮಗುವಿನ ಬಾಯಿಗಿಟ್ಟೇ ಬಿಡುತ್ತಾರೆ. ಮಗು ನಾಲಿಗೆಯನ್ನು ಮುಂದಕ್ಕೆ ಚಾಚುತ್ತದೆ, ಸರಿ ತುಟಿ ದಾಟಿ ಗದ್ದದ ಮೇಲೆ ಇಳಿಯುತ್ತದೆ. ಬಳಿದು ಮತ್ತೆ ಇಟ್ಟರೆ ಮತ್ತೆ ಹೊರಗೆ. ರುಚಿ ಹಿಡಿಸಲಿಲ್ಲ, ಇನ್ನೊಂಚೂರು ಬೆಲ್ಲ ಹಾಕಬೇಕಿತ್ತು ಎಂದು ತೀರ್ಮಾನವಾಗುತ್ತದೆ.

ಅದೇ ಮಗು, ಅದೇ ರಾಗಿ. ಏಳೆಂಟು ವಾರ ಕಳೆದರೆ ಚಮಚ ಕಂಡೊಡನೆ ಬಾಯಿ ತೆರೆಯುತ್ತದೆ, ಸರಿಯನ್ನು ಒಳಕ್ಕೆ ಎಳೆದುಕೊಂಡು ನುಂಗುತ್ತದೆ, ಇನ್ನೊಂದು ತುತ್ತಿಗೆ ಮುಂದಕ್ಕೆ ಬಾಗುತ್ತದೆ. ಬೆಲ್ಲ ಹೆಚ್ಚಾದದ್ದರಿಂದ ಅಲ್ಲ. ಈ ವಾರಗಳಲ್ಲಿ ಮಗುವಿನ ಬಾಯಿ, ಕುತ್ತಿಗೆ, ರಕ್ತ, ಕರುಳು ನಾಲ್ಕೂ ಬೇರೆಯಾಗಿರುತ್ತವೆ. ಮಗು ಊಟಕ್ಕೆ ಸಿದ್ಧವಾಯಿತೆಂದು ಹೇಗೆ ತಿಳಿಯುವುದು ಎಂಬ ಪ್ರಶ್ನೆಗೆ ಉತ್ತರ ಈ ಬದಲಾವಣೆಗಳಲ್ಲಿದೆ.

ಹೊರಕ್ಕೆ ತಳ್ಳುವ ಕಾವಲು

ನಮ್ಮ ಗಂಟಲಲ್ಲಿ ಉಸಿರಿನ ದಾರಿಯೂ ಅನ್ನದ ದಾರಿಯೂ ಒಂದೇ ಕಡೆ ಸೇರಿ ಮತ್ತೆ ಕವಲೊಡೆಯುತ್ತವೆ. ನುಂಗುವ ಪ್ರತಿ ಸಲವೂ ಉಸಿರಿನ ದಾರಿ ಕ್ಷಣಕಾಲ ಮುಚ್ಚಿಕೊಳ್ಳಬೇಕು. ದೊಡ್ಡವರಿಗೆ ಇದು ಗಮನಕ್ಕೇ ಬಾರದಷ್ಟು ಸಲೀಸು. ಎಳೆಗೂಸಿಗೆ ಬರುವುದು ಒಂದೇ ಬಗೆಯ ನುಂಗುವಿಕೆ: ಚೀಪುವುದು, ಬಂದ ಹಾಲನ್ನು ನಾಲಿಗೆಯ ಅಲೆಯೊಂದರಲ್ಲಿ ಹಿಂದಕ್ಕೆ ಸಾಗಿಸುವುದು, ನುಂಗುವುದು, ಉಸಿರೆಳೆದು ಮತ್ತೆ ಚೀಪುವುದು. ಹಾಲು ತೆಳ್ಳಗಿರುತ್ತದೆ, ಒಂದೇ ವೇಗದಲ್ಲಿ ಬರುತ್ತದೆ, ಹಾಗಾಗಿ ಈ ಏರ್ಪಾಡು ಸಾಕು. ಅಂಟಾಗಿರುವ, ಉಂಡೆಯಾಗುವ ಪದಾರ್ಥ ಬಾಯಿಗೆ ಬಿದ್ದರೆ ಅದನ್ನು ಸಂಭಾಳಿಸುವ ಕಲೆ ಇನ್ನೂ ಹುಟ್ಟಿರುವುದಿಲ್ಲ.

ಆದ್ದರಿಂದಲೇ ಒಂದು ಕಾವಲು ಇದೆ. ತುಟಿಯ ಒಳಗೆ, ನಾಲಿಗೆಯ ಮುಂಭಾಗಕ್ಕೆ ಮೊಲೆತೊಟ್ಟಿನಂತಲ್ಲದ ಏನಾದರೂ ತಗುಲಿದರೆ ನಾಲಿಗೆ ತಾನಾಗಿಯೇ ಮುಂದಕ್ಕೆ ನುಗ್ಗಿ ಅದನ್ನು ಹೊರಕ್ಕೆ ಹಾಕುತ್ತದೆ. ವೈದ್ಯರು ಎಕ್ಸ್‌ಟ್ರೂಷನ್ ರಿಫ್ಲೆಕ್ಸ್ ಎನ್ನುವ ಇದನ್ನು ನಾವು 'ಹೊರದಬ್ಬು' ಎಂದು ಕರೆಯೋಣ. ಇದರಲ್ಲಿ ಇಷ್ಟಾನಿಷ್ಟದ ಮಾತೇ ಇಲ್ಲ. ಬಿಸಿ ತಾಗಿದರೆ ಕೈ ಹಿಂದೆ ಸರಿಯುವಂತೆ, ಮನಸ್ಸನ್ನು ಕೇಳದೆ ನಡೆಯುವ ಚಲನೆ ಅದು. ನಾಲ್ಕು ತಿಂಗಳ ಮಗು ರಾಗಿ ಸರಿಯನ್ನು ಉಗುಳಿದರೆ ರಾಗಿಯನ್ನು ಬೇಡವೆಂದದ್ದಲ್ಲ; ಅದರ ಗಂಟಲು ತನ್ನನ್ನು ತಾನು ಕಾಪಾಡಿಕೊಂಡದ್ದು.

ನಾಲ್ಕನೆಯ ತಿಂಗಳಿಂದ ಆರನೆಯ ತಿಂಗಳ ನಡುವೆ ಈ ಹೊರದಬ್ಬು ಮೆಲ್ಲಗೆ ಸಡಿಲವಾಗುತ್ತದೆ. ಮಿದುಳಿನ ಮೇಲ್ಪದರ ಬಲಿತು, ಕೆಳಗಿನಿಂದ ತಾನಾಗಿ ನಡೆಯುತ್ತಿದ್ದ ಚಲನೆಗಳ ಮೇಲೆ ಹಿಡಿತ ಸಾಧಿಸುತ್ತದೆ. ಮುಂದಕ್ಕೆ ಮಾತ್ರ ನುಗ್ಗುತ್ತಿದ್ದ ನಾಲಿಗೆ ಈಗ ತುತ್ತನ್ನು ಹಿಡಿದು ಹಿಂದಕ್ಕೆ ಒಯ್ಯಬಲ್ಲದು. ಕೆಲವು ಮಕ್ಕಳಲ್ಲಿ ಇದು ಬೇಗ, ಕೆಲವರಲ್ಲಿ ತಡ. ದಿಕ್ಕು ಬದಲಾಯಿತೇ ಇಲ್ಲವೇ ಎಂಬುದನ್ನು ಹೊರಗಿನಿಂದ ನೋಡಿಯೇ ಹೇಳಬಹುದು. ಒಂದು ಶುದ್ಧವಾದ ಚಮಚದ ತುದಿಯನ್ನು ಕೆಳದುಟಿಗೆ ಮುಟ್ಟಿಸಿದಾಗ ನಾಲಿಗೆ ಅದನ್ನು ನೂಕುತ್ತದೆಯೋ, ಬಾಯಿ ಅದರ ಸುತ್ತ ಮುಚ್ಚಿಕೊಳ್ಳುತ್ತದೆಯೋ ಗಮನಿಸಿ.

ಇಲ್ಲಿ ನಮ್ಮ ಮನೆಗಳ ಒಂದು ಹಳೆಯ ಸಾಧನದ ಬಗ್ಗೆ ಹೇಳಲೇಬೇಕು. ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲಾದ ಒಳಲೆ ಜಾಣತನದ ವಸ್ತು. ಚೀಪಲಾರದ ನಿಶ್ಶಕ್ತ ಕೂಸಿಗೆ, ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಎದೆಹಾಲನ್ನು ಹಿಂಡಿ ಕುಡಿಸಲು ಇಂದಿಗೂ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ ಅದನ್ನು ಬಳಸುತ್ತಾರೆ. ಬಾಟಲಿಗಿಂತ ಅದನ್ನು ಶುಚಿಯಾಗಿಡುವುದು ಸುಲಭ. ಆದರೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತೆಳ್ಳಗೆ ಕಲಸಿದ ಸರಿಯನ್ನು ಒಳಲೆಯಿಂದ ಬಾಯಿಗೆ ಸುರಿದರೆ ಅದು ನಾಲಿಗೆಯ ಮುಂಭಾಗವನ್ನು ದಾಟಿಯೇ ಗಂಟಲಿಗೆ ಇಳಿಯುತ್ತದೆ. ಕಾವಲಿಗೆ ತಡೆಯಲು ಅವಕಾಶವೇ ಸಿಗುವುದಿಲ್ಲ. ಮೂರು ತಿಂಗಳ ಮಗುವೂ "ಚೆನ್ನಾಗಿ ಕುಡೀತು" ಎಂದು ಕಾಣುವುದು ಹೀಗೆ. ಮಗು ಸಿದ್ಧವಾಗಿದೆಯೇ ಎಂದು ಕೇಳುವ ಒಂದೇ ಬಾಗಿಲನ್ನು ನಾವೇ ಬಳಸಿ ಹೋದಂತಾಯಿತು. ಒಳಲೆ ಹಾಲಿಗಿರಲಿ, ಸರಿಗೆ ಚಮಚವೋ ತೊಳೆದ ಬೆರಳೋ ಬೇಕು, ಮಗು ಕೂತಿರಬೇಕು.

ಕುತ್ತಿಗೆ ಮೊದಲು, ಸೊಂಟ ಆಮೇಲೆ

ಮಗುವಿನ ಮೈಮೇಲಿನ ಹಿಡಿತ ತಲೆಯಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಭುಜ, ಬೆನ್ನು. ಬೋರಲು ಬೀಳುತ್ತದೆ, ಆನಿಸಿದರೆ ಕೂರುತ್ತದೆ. ಹಳ್ಳಿಯ ಹೆಂಗಸರಿಗೆ ಈ ಕ್ರಮ ಬಾಯಿಪಾಠ. ಅದಕ್ಕೂ ಊಟಕ್ಕೂ ಇರುವ ನಂಟು ಮಾತ್ರ ಅಷ್ಟಾಗಿ ಹೇಳಿಕೆಗೆ ಬಂದಿಲ್ಲ. ದವಡೆ ಮತ್ತು ನಾಲಿಗೆಯ ಸ್ನಾಯುಗಳಿಗೆ ಕುತ್ತಿಗೆಯೇ ಆಧಾರ. ಕತ್ತು ಓಲಾಡುತ್ತಿದ್ದರೆ ದವಡೆ ಹದವಾಗಿ ತೆರೆದು ಮುಚ್ಚಲಾರದು, ಗಂಟಲ ದಾರಿ ನೇರವಾಗಿರದು. ಬೆನ್ನು ಸ್ವಲ್ಪವಾದರೂ ಗಟ್ಟಿಯಾಗಿ, ಮಡಿಲಲ್ಲಿ ಆನಿಸಿ ಕೂರಿಸಿದಾಗ ತಲೆ ನೆಟ್ಟಗೆ ನಿಂತರೆ ಮಾತ್ರ ನುಂಗುವುದು ಸುರಕ್ಷಿತ. ಜೊತೆಗೆ ಇನ್ನೂ ಒಂದು ಲಾಭವುಂಟು: ತಲೆ ಹಿಡಿತದಲ್ಲಿರುವ ಮಗು ಸಾಕಾದಾಗ ಮುಖ ತಿರುಗಿಸಿ "ಬೇಡ" ಎನ್ನಬಲ್ಲದು. ಆ ಮಾತು ಹೇಳಲು ಬಾರದ ಮಗುವಿಗೆ ಉಣಿಸುವುದು ತುರುಕುವುದೇ ಆಗುತ್ತದೆ.

ಹಾಗಾಗಿ ನೋಡಬೇಕಾದ ಗುರುತುಗಳು ಹೆಚ್ಚೇನಿಲ್ಲ. ಆನಿಸಿದರೆ ಕೂರುತ್ತದೆ, ಕತ್ತು ಅಲುಗದು. ಕಂಡದ್ದನ್ನು ಕೈಚಾಚಿ ಹಿಡಿದು ಗುರಿತಪ್ಪದೆ ಬಾಯಿಗೆ ತರುತ್ತದೆ. ಬಾಯಿಗೆ ಬಂದದ್ದನ್ನು ಹೊರದಬ್ಬದೆ ನುಂಗುತ್ತದೆ. ಮೂರೂ ಒಟ್ಟಿಗೆ ಬಂದಾಗ ಮಗು ತಯಾರು. ಹೆಚ್ಚಿನ ಮಕ್ಕಳಲ್ಲಿ ಇವು ಒಟ್ಟುಗೂಡುವುದು ಆರು ತಿಂಗಳ ಆಸುಪಾಸಿನಲ್ಲಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೆಂಬುದನ್ನು ಲೆಕ್ಕಕ್ಕೆ ಹಿಡಿದು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಬೇಕು. ಆರು ತುಂಬಿದರೂ ಕತ್ತು ನಿಲ್ಲದಿದ್ದರೆ ಅದನ್ನು ಊಟದ ಪ್ರಶ್ನೆಯೆಂದು ಬಗೆಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಮೋಸದ ಗುರುತುಗಳು

ಜೊಲ್ಲು ಇವುಗಳಲ್ಲಿ ಮೊದಲನೆಯದು. ಮೂರು ತಿಂಗಳ ಹೊತ್ತಿಗೆ ಜೊಲ್ಲಿನ ಗ್ರಂಥಿಗಳು ಚುರುಕಾಗುತ್ತವೆ, ಆದರೆ ಬಂದ ಜೊಲ್ಲನ್ನು ನುಂಗುವ ಅಭ್ಯಾಸ ಇನ್ನೂ ಆಗಿರುವುದಿಲ್ಲ. ಜೊಲ್ಲು ಸುರಿಯುತ್ತದೆ ಎಂದರೆ ನುಂಗಲು ಇನ್ನೂ ಬಾರದು ಎಂದೇ ಅರ್ಥ. ಊಟ ಬೇಕು ಎಂದಲ್ಲ. ಮುಷ್ಟಿಯನ್ನು ಬಾಯಿಗೆ ತುರುಕಿಕೊಳ್ಳುವುದೂ ಹಾಗೆಯೇ, ಅದು ಕೈಯನ್ನು ಪರಿಚಯ ಮಾಡಿಕೊಳ್ಳುವ ಆಟ. ರಾತ್ರಿ ಪದೇಪದೇ ಎದ್ದು ಹಾಲು ಬೇಡಿದರೆ "ಎದೆಹಾಲು ಸಾಲದು" ಎಂದು ಮನೆಯವರು ಗಾಬರಿಯಾಗುತ್ತಾರೆ. ಹೆಚ್ಚು ಸಲ ಚೀಪಿದಷ್ಟೂ ಹಾಲು ಹೆಚ್ಚು ಊರುತ್ತದೆ. ಕೂಸು ತನ್ನ ಬೇಡಿಕೆಯನ್ನು ತಾನೇ ಸಲ್ಲಿಸುತ್ತಿರುವ ರೀತಿ ಅದು. ನಾವು ಉಣ್ಣುವುದನ್ನು ನೆಟ್ಟ ನೋಟದಿಂದ ನೋಡುವುದು? ನಾವು ಬೀಡಿ ಹಚ್ಚಿದರೂ ನೋಡುತ್ತದೆ, ಫೋನ್ ಹಿಡಿದರೂ ನೋಡುತ್ತದೆ.

ಹಾಗೆಂದು ಅತ್ತೆಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಅವರು ಹೆತ್ತ ಕಾಲದಲ್ಲಿ ವೈದ್ಯರೇ ಹೇಳುತ್ತಿದ್ದದ್ದು ನಾಲ್ಕರಿಂದ ಆರು ತಿಂಗಳು. ಶಿಶು ಆಹಾರದ ಮಾರಾಟವನ್ನು ಹದ್ದುಬಸ್ತಿನಲ್ಲಿಡಲು ಭಾರತ 1992ರಲ್ಲಿ ಮಾಡಿದ ಕಾಯ್ದೆಯಲ್ಲೂ ಇದ್ದದ್ದು "ನಾಲ್ಕು ತಿಂಗಳ ನಂತರ" ಎಂದೇ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂದು ನಿಲುವು ತಳೆಯಿತು. 2003ರ ತಿದ್ದುಪಡಿಯಲ್ಲಿ ನಮ್ಮ ಕಾಯ್ದೆಯೂ ಆರಕ್ಕೆ ಬಂತು. ಈ ಬದಲಾವಣೆಯ ಹಿಂದೆ ಇದ್ದ ಪುರಾವೆಗಳಲ್ಲಿ ಮುಖ್ಯವಾದದ್ದು ಹೊಟ್ಟೆಯ ಸೋಂಕಿನದು: ಆರು ತಿಂಗಳು ಪೂರ್ತಿ ಎದೆಹಾಲನ್ನೇ ಕುಡಿದ ಮಕ್ಕಳಲ್ಲಿ ಭೇದಿಯಂಥ ಕಾಯಿಲೆ ಕಡಿಮೆ ಕಂಡಿತು. ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ಹೇಳುವ ಗೃಹ್ಯಸೂತ್ರಗಳೂ ಇದರ ಹತ್ತಿರವೇ ಇವೆ.

ಬಿತ್ತನೆಕಾಯಿಯ ಬುತ್ತಿ

ಈವರೆಗೆ ಹೇಳಿದ್ದು ಬೇಗ ಶುರುಮಾಡಬೇಡಿ ಎಂಬುದಕ್ಕೆ ಕಾರಣ. ತಡಮಾಡಬೇಡಿ ಎಂಬುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಅದನ್ನು ಈ ಸೀಮೆಯವರಿಗೆ ತೆಂಗಿನ ಸಸಿಮಡಿಯಲ್ಲಿ ನಿಂತು ಹೇಳುವುದೇ ಸರಿ.

ಬಿತ್ತನೆಕಾಯಿ ಮೊಳೆತಾಗ ಒಳಗೆ ಏನಾಗುತ್ತದೆಂದು ಒಡೆದು ನೋಡಿದವರಿಗೆ ಗೊತ್ತು. ಬಿಳಿಯ, ಮೆತ್ತನೆಯ, ಸಿಹಿಯಾದ ಗುಂಡೊಂದು ಬೆಳೆಯುತ್ತ ಕಾಯಿಯ ಒಳಗನ್ನೆಲ್ಲ ತುಂಬಿ, ಸುತ್ತಲಿನ ತಿರುಳನ್ನು ಕರಗಿಸಿ ಹೀರಿ ಮೊಳಕೆಗೆ ಕಳಿಸುತ್ತಿರುತ್ತದೆ. ತಾಯಿಮರ ಕಟ್ಟಿಕೊಟ್ಟ ಬುತ್ತಿ ಅದು. ಅದರ ಮೇಲೆಯೇ ಮೊದಲ ಎಲೆಗಳು ಬರುತ್ತವೆ, ಮೊದಲ ಬೇರು ಇಳಿಯುತ್ತದೆ. ಬುತ್ತಿ ಬರಿದಾಗುವ ಮೊದಲೇ ಬೇರು ಮಣ್ಣಿನಿಂದ ಎಳೆಯಲು ಕಲಿತಿರಬೇಕು. ಒಳ್ಳೆಯ ಸಸಿಯನ್ನು ಆರಿಸುವವರು ಒಂಬತ್ತರಿಂದ ಹನ್ನೆರಡು ತಿಂಗಳು ಎಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೂ ಕಣ್ಣಿಡುವುದು ಸಸಿಯ ಮೇಲೆ: ಆರು ಎಲೆಯಾದರೂ ಇರಬೇಕು, ಬುಡದ ಸುತ್ತಳತೆ ಹತ್ತು ಸೆಂಟಿಮೀಟರ್ ಆದರೂ ಬರಬೇಕು. ಮತ್ತೆ, ಗುಂಡಿಗೆ ಇಳಿಸುವಾಗ ಕಾಯಿಯನ್ನು ಕಿತ್ತು ಹಾಕುವುದಿಲ್ಲ. ಹೊಸ ಬೇರೂ ಹಳೆಯ ಬುತ್ತಿಯೂ ಕೆಲಕಾಲ ಜೊತೆಜೊತೆಗೆ ದುಡಿಯುತ್ತವೆ.

ಮಗುವಿಗೆ ತಾಯಿ ಕಟ್ಟಿಕೊಡುವ ಬುತ್ತಿಯಲ್ಲಿ ಮೊದಲು ಮುಗಿಯುವುದು ಕಬ್ಬಿಣದ ಅಂಶ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅದರ ಬಹುಪಾಲು ಮಗುವಿಗೆ ಸಾಗುತ್ತದೆ. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾದರೆ ಇನ್ನಷ್ಟು ರಕ್ತ, ಅದರೊಂದಿಗೆ ಕಬ್ಬಿಣ ಬರುತ್ತದೆ. ಹುಟ್ಟಿದ ಮಗುವಿನ ರಕ್ತ ದೊಡ್ಡವರದಕ್ಕಿಂತ ದಟ್ಟ. ಗಾಳಿಯಲ್ಲಿ ಉಸಿರಾಡತೊಡಗಿದ ಮೇಲೆ ಅಷ್ಟು ಕೆಂಪುಕಣಗಳು ಬೇಕಿಲ್ಲವಾದ್ದರಿಂದ ಮೊದಲ ಎರಡು ತಿಂಗಳಲ್ಲಿ ದೇಹ ಹೆಚ್ಚಿನ ಕಣಗಳನ್ನು ಒಡೆದು, ಅದರ ಕಬ್ಬಿಣವನ್ನು ಪಿತ್ತಜನಕಾಂಗದಲ್ಲಿ ತೆಗೆದಿಡುತ್ತದೆ. ಮುಂದೆ ಮಗು ತೂಕ ಏರಿಸಿಕೊಳ್ಳುತ್ತ, ರಕ್ತ ಹೆಚ್ಚಿಸಿಕೊಳ್ಳುತ್ತ ಹೋದಂತೆ ಈ ಉಳಿತಾಯದಿಂದಲೇ ಖರ್ಚು. ಎದೆಹಾಲಿನಲ್ಲಿರುವ ಕಬ್ಬಿಣ ಕರುಳಿಗೆ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಇಡೀ ದಿನದ ಹಾಲಿನಲ್ಲಿರುವುದು ಮಿಲಿಗ್ರಾಂನ ಮೂರನೇ ಒಂದು ಪಾಲಿನಷ್ಟು ಮಾತ್ರ. ಆರು ತಿಂಗಳ ಹೊತ್ತಿಗೆ ಗಂಟು ಕರಗಿರುತ್ತದೆ. ತಾಯಿಗೇ ರಕ್ತಹೀನತೆ ಇದ್ದರೆ, ಮಗು ಕಡಿಮೆ ತೂಕದ್ದಾಗಿದ್ದರೆ ಅದಕ್ಕೂ ಮೊದಲೇ.

ತಾಯಿಯ ಹಾಲು ಕೆಟ್ಟಿತೆಂದೋ ನೀರಾಯಿತೆಂದೋ ಇದರ ಅರ್ಥವಲ್ಲ. ಶಕ್ತಿಗೆ, ಕೊಬ್ಬಿಗೆ, ಸೋಂಕಿನಿಂದ ಕಾಪಾಡುವ ಅಂಶಗಳಿಗೆ ಎದೆಹಾಲು ಆಗಲೂ ಬೇಕು, ಎರಡು ವರ್ಷ ಮತ್ತು ಅದರಾಚೆಗೂ. ಕಾಯಿಯನ್ನು ಕಿತ್ತು ಸಸಿ ನೆಡಬಾರದು. ಬೇರು ಇಳಿಯುವುದು ತಡವಾದರೂ ಆಪತ್ತು ಅಷ್ಟೇ ದೊಡ್ಡದು, ಮತ್ತು ನಮ್ಮಲ್ಲಿ ಆಗುತ್ತಿರುವುದು ಅದೂ ಹೌದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಮೆತ್ತನೆಯ ಅಥವಾ ಗಟ್ಟಿ ಆಹಾರ ಸಿಗುತ್ತಿದ್ದದ್ದು ನೂರಕ್ಕೆ 46 ಮಕ್ಕಳಿಗೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಮೂರರಲ್ಲಿ ಎರಡು ಮಕ್ಕಳು! ಆಶಾ ಕಾರ್ಯಕರ್ತೆ ಆರು ತಿಂಗಳಿಗೆ ಮನೆಗೆ ಬಂದು ಕೊಡುವ ಕಬ್ಬಿಣದ ಸಿರಪ್ಪನ್ನು ಶೀಶೆಯಲ್ಲೇ ಉಳಿಸುವ ಮನೆಗಳು ದಯವಿಟ್ಟು ಈ ಅಂಕಿಯನ್ನು ಇನ್ನೊಮ್ಮೆ ಓದಬೇಕು.

ಸುರಿಯುವ ಸರಿಯ ಲೆಕ್ಕ

ಈಗ ಬಟ್ಟಲಿಗೆ ಬರೋಣ. ಹೆಚ್ಚಿನ ಮನೆಗಳು ಎಡವುವುದು ಇಲ್ಲಿ, ಅದೂ ಪ್ರೀತಿಯಿಂದಲೇ.

ರಾಗಿ ಹಿಟ್ಟನ್ನು ನೀರಿನಲ್ಲಿ ಬೇಯಿಸಿದಾಗ ಅದರ ಪಿಷ್ಟದ ಕಣಗಳು ನೀರು ಕುಡಿದು ಹಲವು ಪಟ್ಟು ಊದುತ್ತವೆ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೂರು ಮಿಲಿಲೀಟರ್ ನೀರಿಗೆ ಹತ್ತು ಗ್ರಾಂ ಹಿಟ್ಟು ಹಾಕಿದರೇ ಸರಿ ಗಟ್ಟಿಯಾಗುತ್ತದೆ. ಮಗುವಿಗೆ ಅಂಟೀತು ಎಂದು ತಾಯಿ ಇನ್ನಷ್ಟು ನೀರು ಬೆರೆಸುತ್ತಾಳೆ. ನೂರು ಗ್ರಾಂ ರಾಗಿಯಲ್ಲಿರುವುದು ಸುಮಾರು 320 ಕ್ಯಾಲೊರಿ. ಹತ್ತು ಗ್ರಾಂ ಹಾಕಿದ ಬಟ್ಟಲಲ್ಲಿ 32. ನೀರು ಬೆರೆಸಿದ ಮೇಲೆ ಅದಕ್ಕೂ ಕಡಿಮೆ. ಅಷ್ಟೇ ಎದೆಹಾಲಿನಲ್ಲಿರುವುದು ಸುಮಾರು 65. ಅಂದರೆ ಸುರಿಯುವಷ್ಟು ತೆಳ್ಳಗಿನ ಸರಿ, ತಾನು ಜಾಗ ಕಸಿದುಕೊಂಡ ಹಾಲಿನ ಅರ್ಧದಷ್ಟೂ ಶಕ್ತಿ ಕೊಡುವುದಿಲ್ಲ. ಆರು ತಿಂಗಳ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಇನ್ನೂರು ಮಿಲಿಲೀಟರ್‌ನಷ್ಟು. ಆರರಿಂದ ಎಂಟು ತಿಂಗಳಲ್ಲಿ ಎದೆಹಾಲಿನ ಮೇಲೆ ಇನ್ನೂ ಬೇಕಾಗುವುದು ದಿನಕ್ಕೆ ಸುಮಾರು 200 ಕ್ಯಾಲೊರಿ. ತೆಳು ಸರಿಯಿಂದಲೇ ಅದನ್ನು ತುಂಬಿಸಲು ಹೊರಟರೆ ಮೂರು ಹೊಟ್ಟೆತುಂಬ ಸರಿ ಕುಡಿಸಬೇಕು. ಹಾಲಿಗೆ ಜಾಗವೇ ಉಳಿಯದು. ಹೊಟ್ಟೆ ತುಂಬಿ ಮಗು ನಿದ್ದೆ ಹೋಗುತ್ತದೆ, ಮನೆಯವರಿಗೆ ಸಮಾಧಾನ, ತಕ್ಕಡಿ ಮಾತ್ರ ಮೇಲೇಳುವುದಿಲ್ಲ.

ಚಮಚ ಓರೆ ಮಾಡಿದರೆ ಸರಿ ತಟ್ಟನೆ ಜಾರಬಾರದು, ನಿಂತು ಮೆಲ್ಲಗೆ ಬೀಳಬೇಕು ಎಂದು ಆರೋಗ್ಯ ಕಾರ್ಯಕರ್ತೆಯರು ಹೇಳುವುದು ಇದಕ್ಕೇ. ಆದರೆ ಗಟ್ಟಿ ಮಾಡಿದರೆ ಅಂಟು, ತೆಳು ಮಾಡಿದರೆ ಬರೀ ನೀರು. ಈ ಇಕ್ಕಟ್ಟಿಗೆ ದಾರಿ ನಮ್ಮ ಅಜ್ಜಿಯರ ಬಟ್ಟೆಗಂಟಿನಲ್ಲೇ ಇತ್ತು.

ಮೊಳಕೆ ಮಾಡುವ ಕೆಲಸ

ರಾಗಿಯನ್ನು ಕೇರಿ, ತೊಳೆದು, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಒಂದೆರಡು ದಿನಕ್ಕೆ ಬಿಳಿಯ ಎಳೆಗಳು ಇಣುಕುತ್ತವೆ. ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಮೊಳಕೆ ರಾಗಿ ಹಿಟ್ಟು. ತುಮಕೂರು ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲಿ ಬಾಣಂತನದ ಜೊತೆಗೇ ಬರುವ ಕೆಲಸ ಇದು. ರುಚಿಗೆ, ತಂಪಿಗೆ ಎಂದು ಹೇಳಿಕೊಂಡು ಬಂದರು. ಅದರಲ್ಲಿ ನಡೆಯುವ ರಸಾಯನವನ್ನು ಬಿಡಿಸಿ ತೋರಿಸಿದ್ದು ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವು ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆ. ಅಲ್ಲಿನ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿದ ಶಿಶು ಆಹಾರವೊಂದನ್ನು ರೂಪಿಸಿ ಪ್ರಕಟಿಸಿದರು. ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಾಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

ಮೊಳೆಯುವ ಕಾಳಿಗೂ ಉಣ್ಣಬೇಕಲ್ಲ. ಅದರೊಳಗಿನ ಪಿಷ್ಟ ದೊಡ್ಡ ದೊಡ್ಡ ಸರಪಣಿ. ಹಾಗೆಯೇ ಮೊಳಕೆಯ ಉಪಯೋಗಕ್ಕೆ ಬಾರದು. ಆದ್ದರಿಂದ ಕಾಳು ನೀರು ಕುಡಿದೊಡನೆ ಪಿಷ್ಟವನ್ನು ಕಡಿದು ಸಣ್ಣ ಸಕ್ಕರೆಗಳನ್ನಾಗಿ ಮಾಡುವ ಕಿಣ್ವವನ್ನು, ಅಂದರೆ ಅಮೈಲೇಸನ್ನು, ತಯಾರಿಸುತ್ತದೆ. ಕಾಳು ಒಣಗಿಸಿದಾಗ ಮೊಳಕೆ ಸಾಯುತ್ತದೆ, ಕಿಣ್ವ ಹಿಟ್ಟಿನಲ್ಲಿ ಉಳಿಯುತ್ತದೆ. ಸರಿ ಕಾಸುವಾಗ ಪಿಷ್ಟದ ಕಣಗಳು ಊದತೊಡಗಿದ ಕ್ಷಣದಲ್ಲಿ ಅದು ಎಚ್ಚೆತ್ತು ಸರಪಣಿಗಳನ್ನು ತುಂಡರಿಸುತ್ತ ಹೋಗುತ್ತದೆ. ಹೆಣೆದುಕೊಂಡು ಅಂಟಾಗಲು ಉದ್ದದ ಸರಪಣಿಯೇ ಉಳಿಯದು. ನೂರು ಮಿಲಿಲೀಟರ್‌ಗೆ ಇಪ್ಪತ್ತು ಗ್ರಾಂ ಹಿಟ್ಟು ಹಾಕಿದರೂ ಸರಿ ಚಮಚಕ್ಕೆ ಹದವಾಗಿ ಬರುತ್ತದೆ, ಶಕ್ತಿ ಎದೆಹಾಲಿನ ಸಮಕ್ಕೆ ಬರುತ್ತದೆ.

ಇದರ ಇನ್ನೊಂದು ಬದಿ ನನಗೆ ಪ್ರತಿ ಸಲವೂ ಅಚ್ಚರಿ ತರುತ್ತದೆ. ಪಿಷ್ಟವನ್ನು ಕಡಿಯುವ ಇದೇ ಬಗೆಯ ಕಿಣ್ವವನ್ನು ನಮ್ಮ ಮೇದೋಜೀರಕ ಗ್ರಂಥಿಯೂ ಮಾಡುತ್ತದೆ. ಹುಟ್ಟಿದ ಮಗುವಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ; ಆರು ತಿಂಗಳಾದ ಮೇಲೂ ಪೂರ್ತಿ ಬಂದಿರುವುದಿಲ್ಲ. ಜೊಲ್ಲಿನಲ್ಲಿರುವ ಸ್ವಲ್ಪ, ಎದೆಹಾಲಿನ ಮೂಲಕ ತಾಯಿ ಕೊಡುವ ಸ್ವಲ್ಪ ಸೇರಿಸಿ ಕೂಸು ಹೇಗೋ ನಿಭಾಯಿಸುತ್ತದೆ. ಸರಿ ಉಣಿಸುವ ತಿಂಗಳಲ್ಲೂ ಎದೆಹಾಲು ಬಿಡಿಸಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಮೊಳಕೆ ರಾಗಿಯಲ್ಲಿ ಆ ಕೆಲಸದ ಒಂದು ಪಾಲು ಪಾತ್ರೆಯಲ್ಲೇ ಮುಗಿದಿರುತ್ತದೆ. ಜೊತೆಗೆ, ರಾಗಿಯಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಬಿಡದ ಫೈಟೇಟ್ ಎಂಬ ಅಂಶವೂ ಮೊಳೆಯುವಾಗ ಕಡಿಮೆಯಾಗುತ್ತದೆ.

ಆದರೆ ಕಿಣ್ವ ಬಲು ನಾಜೂಕು. ಕಾಳನ್ನು ಕಂದು ತಿರುಗುವವರೆಗೆ ಹುರಿದರೆ ಅದು ಸತ್ತೇಹೋಗುತ್ತದೆ. ಮೊಳಕೆ ಬರಿಸಿದ ಶ್ರಮದ ಬಹುಪಾಲು ಬಾಣಲೆಯಲ್ಲಿ ಕಳೆದಂತೆ. ಹಸಿ ಹೋಗಿ ಪರಿಮಳ ಬರುವಷ್ಟು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಕುದಿಯುವ ನೀರಿಗೆ ಹಿಟ್ಟು ಸುರಿಯುವುದೂ ತಪ್ಪು. ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗದು. ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತ ನಿಧಾನ ಕಾಸಬೇಕು. ಮೊದಲು ಗಟ್ಟಿಯಾದಂತೆ ಕಂಡು ಆಮೇಲೆ ತಾನೇ ಸಡಿಲಾಗುವುದನ್ನು ಕಣ್ಣಾರೆ ನೋಡಬಹುದು. ಕೊನೆಯಲ್ಲಿ ಚೆನ್ನಾಗಿ ಕುದಿಸಲೇಬೇಕು, ಒದ್ದೆ ಕಾಳಿನಲ್ಲಿ ಕಿಣ್ವದ ಜೊತೆ ಬ್ಯಾಕ್ಟೀರಿಯಾಗಳೂ ಬೆಳೆದಿರುತ್ತವೆ. ಮಳೆಗಾಲದಲ್ಲಿ ಗಂಟು ಬೂಸ್ಟು ಹಿಡಿದರೆ ಆ ರಾಗಿ ಮಗುವಿಗೆ ಬೇಡ.

ಬರೋಡದಲ್ಲಿ ತಾರಾ ಗೋಪಾಲ್‌ದಾಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇನ್ನೊಂದು ಸುಲಭದ ಉಪಾಯ ತೋರಿಸಿದರು: ಮನೆಯಲ್ಲಿ ಮಾಡಿದ ಯಾವುದೇ ಗಟ್ಟಿ ಗಂಜಿ ಇನ್ನೂ ಬಿಸಿಯಾಗಿರುವಾಗಲೇ ಒಂದು ಚಮಚೆ ಮೊಳಕೆ ಹಿಟ್ಟು ಬೆರೆಸಿದರೆ ಕೆಲವೇ ನಿಮಿಷದಲ್ಲಿ ಅದು ತೆಳುವಾಗುತ್ತದೆ. ಆಮೇಲೆ ಇದನ್ನೂ ಒಮ್ಮೆ ಕುದಿಸಬೇಕು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಟಾಂಜಾನಿಯಾದಲ್ಲೂ ಇದೇ ಪ್ರಯೋಗ ನಡೆದಿತ್ತು. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನಮ್ಮ ಮಕ್ಕಳ ಬಟ್ಟಲಿನಲ್ಲಿ ಆ ನೆಂಟಸ್ತನ ಇನ್ನೂ ಇದೆ.

ತೆಂಗಿನ ನಾಡಿನ ಲಾಭ, ತೆಂಗಿನ ನಾಡಿನ ಅಪಾಯ

ಬಟ್ಟಲಿಗೆ ಶಕ್ತಿ ತುಂಬುವ ಎರಡನೆಯ ದಾರಿ ಕೊಬ್ಬು. ಒಂದು ಟೀ ಚಮಚೆ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿ, ಜಾಗ ಬಹುತೇಕ ಸೊನ್ನೆ. ನೂರು ಮಿಲಿಲೀಟರ್ ಮೊಳಕೆ ರಾಗಿ ಸರಿಗೆ ಅದನ್ನು ಸೇರಿಸಿದರೆ 65 ಇದ್ದದ್ದು 110 ಆಗುತ್ತದೆ. ಅಂಥ ಎರಡು ಬಟ್ಟಲಿಗೆ ದಿನದ 200 ದಾಟಿತು. ಮೊದಲ ವಾರದಲ್ಲೇ ಇಷ್ಟು ಹೋಗುತ್ತದೆಂದಲ್ಲ, ಶುರು ಎರಡು ಮೂರು ಚಮಚೆಯಿಂದ. ತುಪ್ಪವಾದರೂ ಸರಿ, ಅಡುಗೆಗೆಂದು ಶುಚಿಯಾಗಿ ತೆಗೆಸಿದ ಕೊಬ್ಬರಿ ಎಣ್ಣೆಯಾದರೂ ಸರಿ. ತಲೆಗೆ ಹಚ್ಚುವ ಶೀಶೆಯದು ಖಂಡಿತ ಕೂಡದು. ಕೊಬ್ಬರಿ ಎಣ್ಣೆಯಲ್ಲಿ ಮಿದುಳಿಗೆ ಬೇಕಾದ ಕೆಲವು ಅಗತ್ಯ ಕೊಬ್ಬುಗಳು ಅತಿ ಕಡಿಮೆಯಾದ್ದರಿಂದ ಅದೊಂದನ್ನೇ ನೆಚ್ಚದೆ ಕಡಲೇಕಾಯಿ ಎಣ್ಣೆಯಂಥದನ್ನೂ ಬದಲಿಸಿ ಬಳಸುವುದು ಮೇಲು.

ಎಳನೀರಿನ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಬೇಸಿಗೆಯಲ್ಲಿ ಮೂರು ತಿಂಗಳ ಕೂಸಿಗೆ "ಉಷ್ಣ ಆಗದಿರಲಿ" ಎಂದು ಎಳನೀರು ಕುಡಿಸುವ ರೂಢಿ ಈ ಭಾಗದಲ್ಲಿದೆ. ನೂರು ಮಿಲಿಲೀಟರ್ ಎಳನೀರಿನಲ್ಲಿರುವುದು 20 ಕ್ಯಾಲೊರಿಯಷ್ಟು, ಕೊಬ್ಬಿಲ್ಲ, ಪ್ರೋಟೀನು ಹೆಸರಿಗಷ್ಟೆ. ಉಳಿದದ್ದು ನೀರು. ಎದೆಹಾಲೇ ಬಹುಪಾಲು ನೀರಾಗಿರುವುದರಿಂದ ಆರು ತಿಂಗಳವರೆಗೆ ಕಡುಬೇಸಿಗೆಯಲ್ಲೂ ಬೇರೆ ನೀರು ಬೇಕಿಲ್ಲ. ಎಳನೀರು ತುಂಬಿದ ಹೊಟ್ಟೆ ಹಾಲು ಕೇಳುವುದಿಲ್ಲ. ಜೇನು ನೆಕ್ಕಿಸುವುದಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ; ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಲ್ಲಿ ಮೊಳೆತು ಸ್ನಾಯುಗಳ ಬಲವನ್ನೇ ಉಡುಗಿಸುವ ವಿಷ ತಯಾರಿಸಬಲ್ಲವು.

ಇನ್ನೊಂದು ಅಪಾಯ ಕೊಬ್ಬರಿಯದೇ. ಕೊಬ್ಬರಿ ಸುಲಿಯುವ ಮನೆಗಳಲ್ಲಿ ಅಂಗಳದ ತುಂಬ ಚೂರು. ಹಲ್ಲು ಬರುವಾಗ ಒಸಡು ತುರಿಸುತ್ತದೆಂದು ಮಗುವಿನ ಕೈಗೆ ಕೊಬ್ಬರಿ ಬಿಲ್ಲೆ ಕೊಡುವವರಿದ್ದಾರೆ. ಜೊಲ್ಲಿನಲ್ಲಿ ನೆನೆದ ಅಂಚು ಮುರಿದರೆ ಆ ಚೂರು ನುಣ್ಣಗೆ ಜಾರಿ ಉಸಿರಿನ ದಾರಿಗೆ ಹೋಗಿ ಕೂರಬಹುದು. ಇಡಿ ಕಡಲೇಕಾಯಿ ಬೀಜ, ಹುರಿಗಡಲೆ, ದ್ರಾಕ್ಷಿಯೂ ಹಾಗೆಯೇ. ಕಡಲೇಕಾಯಿಯನ್ನು ನುಣ್ಣಗೆ ಅರೆದು ಸರಿಗೆ ಬೆರೆಸಿದರೆ ತೊಂದರೆಯಿಲ್ಲ, ಒಳ್ಳೆಯದೇ. ಉಣ್ಣಲು ಕಲಿಯುವ ಮಗು ಆಗಾಗ ಓಕರಿಸುತ್ತದೆ. ಮುಖ ಕೆಂಪಾಗಿ, ಸದ್ದು ಮಾಡಿ, ತುತ್ತನ್ನು ಮುಂದಕ್ಕೆ ತರುತ್ತದೆ. ಹೆದರಬೇಕಿಲ್ಲ, ಹೊರದಬ್ಬು ಹೋದ ಮೇಲೂ ಉಳಿದಿರುವ ಎರಡನೆಯ ಕಾವಲು ಅದು. ಸದ್ದೇ ಇಲ್ಲದೆ, ಅಳಲೂ ಆಗದೆ, ತುಟಿ ನೀಲಿಗಟ್ಟಿದರೆ ಅದು ಉಸಿರುಕಟ್ಟುವಿಕೆ. ಆಗ ಗಂಟಲಿಗೆ ಬೆರಳು ತೂರಿಸಿ ಹುಡುಕಬಾರದು. ಚೂರು ಇನ್ನೂ ಒಳಕ್ಕೆ ಹೋಗುತ್ತದೆ. ಮಗುವನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು, ತಲೆಗೆ ಆಸರೆ ಕೊಟ್ಟು, ಎರಡು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಬೇಕು, ಮತ್ತೆ ಬೆನ್ನು ತಟ್ಟಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ನಾಲಿಗೆಯ ಎರಡನೆಯ ತಿರುವು

ಆರು ತಿಂಗಳಿಗೆ ನಾಲಿಗೆ ಕಲಿತದ್ದು ಹಿಂದಕ್ಕೆ ಒಯ್ಯುವುದನ್ನು ಮಾತ್ರ. ಏಳರಿಂದ ಒಂಬತ್ತರ ನಡುವೆ ಅದು ಪಕ್ಕಕ್ಕೂ ಹೊರಳತೊಡಗುತ್ತದೆ: ತುತ್ತನ್ನು ಒಸಡಿನ ಮೇಲಕ್ಕೆ ತಳ್ಳಿ, ಜಗಿದು, ಮತ್ತೆ ನಡುವಿಗೆ ತರುತ್ತದೆ. ಹಲ್ಲಿಲ್ಲದಿದ್ದರೂ ಒಸಡು ಸಾಕಷ್ಟು ಗಟ್ಟಿ. ಆದರೆ ಈ ಕಲೆ ತಾನಾಗಿ ಬರುವುದಿಲ್ಲ, ಜಗಿಯಲು ಏನಾದರೂ ಸಿಕ್ಕಿದರೆ ಮಾತ್ರ ಬರುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಸೀಮೆಯ ಸಾವಿರಾರು ಮಕ್ಕಳನ್ನು ಅನುಸರಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಹತ್ತು ತಿಂಗಳಾದ ಮೇಲೆ ಮೊದಲ ಸಲ ಕಣಕಣವಾದ ಆಹಾರ ಕಂಡ ಮಕ್ಕಳಲ್ಲಿ ಊಟದ ತಕರಾರು ಹೆಚ್ಚಾಗಿತ್ತು. ವರ್ಷ ತುಂಬುವವರೆಗೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿಯೇ ಉಣಿಸುವ ಮನೆಗಳು ಇದನ್ನು ಗಮನಿಸಬೇಕು.

ಎಂಟನೆಯ ತಿಂಗಳಿಗೆ ಅನ್ನ ಬೇಳೆಯನ್ನು ಕೈಯಲ್ಲೇ ಕಿವುಚಿದರೆ ಸಾಕು. ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಮೆತ್ತಗೆ ಬೇಯಿಸಿ ಕಿವುಚಿದ ಈಲಿ, ಅಂದರೆ ಪಿತ್ತಜನಕಾಂಗ. ಕಬ್ಬಿಣ ಕರುಳಿಗೆ ಹಿಡಿಯುವುದರಲ್ಲಿ ಈಲಿಯನ್ನು ಮೀರಿಸುವುದು ಕಡಿಮೆ. ಕಾಳು ಸೊಪ್ಪಿನ ಊಟಕ್ಕೆ ನಾಲ್ಕು ಹನಿ ನಿಂಬೆರಸ ಬಿದ್ದರೆ ಅದರ ಕಬ್ಬಿಣವೂ ಚೆನ್ನಾಗಿ ಹಿಡಿಯುತ್ತದೆ. ಬೇಳೆ ಬೆಂದ ಮೇಲೆ, ಉಪ್ಪು ಖಾರ ಬೀಳುವ ಮೊದಲು ಒಂದು ಸೌಟು ಗಟ್ಟಿ ಬೇಳೆಯನ್ನು ಮಗುವಿನ ಬಟ್ಟಲಿಗೆ ತೆಗೆದಿಟ್ಟು, ಬಿಸಿ ಮುದ್ದೆಯ ಒಂದು ಚೂರನ್ನು ಅದರಲ್ಲಿ ಕಿವುಚಿ, ತುಪ್ಪ ಬಿಟ್ಟು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರೂ ಉಣ್ಣುವ ಹೊತ್ತಿಗೇ ಉಣಿಸಿ. ಅರ್ಧ ಬಟ್ಟಲು, ಹೊತ್ತಿಗೊಂದರಂತೆ ದಿನಕ್ಕೆ ಮೂರು ಸಲ, ನಡುವೆ ಎದೆಹಾಲು. ಮುಖ ತಿರುಗಿಸಿದರೆ ನಿಲ್ಲಿಸಿ. ಬಾಯಿ ತೆರೆದರೆ ಇನ್ನೊಂದು ತುತ್ತು.